ಜೂನ್‌ಗೆ ಅಬಿಸ್ಕೋನಾ, ಇನಾರಿನಾ? ನನ್ನ ವೋಟು ಅಬಿಸ್ಕೋಗೆ

ಮೇ ಬಂತೆಂದರೆ ಸ್ಟಾಕ್‌ಹೋಮ್‌ನ ನಮ್ಮ ಕನ್ನಡ ಗೆಳೆಯರು ಕೇಳುವ ಪ್ರಶ್ನೆ ಒಂದೇ. ಮಧ್ಯರಾತ್ರಿ ಸೂರ್ಯ ನೋಡೋಕೆ ಸ್ವೀಡನ್ನಿನ ಅಬಿಸ್ಕೋಗೆ ಹೋಗೋದಾ, ಫಿನ್‌ಲ್ಯಾಂಡಿನ ಇನಾರಿಗಾ? ಎರಡಕ್ಕೂ ಹೋಗಿ ಬಂದವನು ನಾನು. ಜೂನ್ ಅಂದರೆ ಕಣ್ಣು ಮುಚ್ಚಿ ಅಬಿಸ್ಕೋ ಅನ್ನುತ್ತೇನೆ. ಸೂರ್ಯ ಎರಡೂ ಕಡೆ ಮುಳುಗೋದಿಲ್ಲ. ಅದರಲ್ಲಿ ಸಮ.

ತಕರಾರು ಇರೋದು ಸೊಳ್ಳೆಯದು. ಇನಾರಿಗೆ ನಾವು ಹೋಗಿದ್ದು ಜೂನ್ ಕೊನೆಗೆ, ಅವರ ಯುಹಾನ್ನುಸ್ ಅನ್ನೋ ನಡುಬೇಸಿಗೆ ಹಬ್ಬದ ಹೊತ್ತಿಗೆ. ಸೊಳ್ಳೆ ಹಿಂದಿನ ಬೇಸಿಗೆಯಲ್ಲೇ ಮೊಟ್ಟೆ ಇಟ್ಟಿರುತ್ತದೆ. ಹಿಮ ಕರಗಿ ಜೌಗಿನಲ್ಲಿ ನೀರು ನಿಂತರೆ ಸಾಕು, ಎಲ್ಲವೂ ಒಟ್ಟಿಗೇ ಒಡೆಯುತ್ತವೆ. ಅಲ್ಲಿ ಜೌಗಿಗೇನು ಬರವೇ?

ಡೆಂಗ್ಯೂ ಭಯವಿಲ್ಲ, ನಿಜ. ಆದರೆ ಊಟ ಮಾಡೋದು ಹೇಗೆ? ತಲೆಗೆ ಬಲೆ ಹಾಕಿಕೊಂಡು ಕೂತಿದ್ದೇವೆ. ಗ್ಯಾಸ್ ಒಲೆ ಮೇಲೆ ಉಪ್ಪಿಟ್ಟು ಆಗಿದೆ. ಒಂದು ಕೈಯಲ್ಲಿ ಬಲೆ ಎತ್ತಬೇಕು, ಇನ್ನೊಂದರಲ್ಲಿ ಚಮಚ ತೂರಿಸಬೇಕು, ತಕ್ಷಣ ಬಲೆ ಬಿಡಬೇಕು. ಅಷ್ಟರಲ್ಲಿ ಎರಡು ಒಳಗೆ ಬಂದಿರುತ್ತವೆ. ಆಮೇಲೆ ಬಲೆಯೊಳಗೇ ಅವುಗಳ ಸಂಗೀತ. ಚಹಾ ಲೋಟದಲ್ಲಿ ತೇಲುತ್ತಿದ್ದವನ್ನು ಮೊದಮೊದಲು ತೆಗೆದು ಹಾಕುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ. ಸ್ಪ್ರೇ ಹೊಡೆದರೆ ಬೆವರಿಗೆ ಇಳಿದು ತುಟಿಗೆ ತಾಗಿ ಕಹಿ. ಬಯಲಿಗೆ ಹೋಗೋ ಕಷ್ಟ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? "ಇದಕ್ಕಿಂತ ಆಗುಂಬೆ ಇಂಬಳವೇ ವಾಸಿ ಕಣ್ರೀ, ಕಿವಿಯಲ್ಲಿ ಹಾಡಲ್ಲ" ಅಂದಳು ನನ್ನ ಹೆಂಡತಿ.

ಅಬಿಸ್ಕೋಗೆ ಹೋಗಿದ್ದು ಜೂನ್ ಮಧ್ಯದಲ್ಲಿ. ಬಲೆ ಚೀಲದಿಂದ ಹೊರಗೇ ಬರಲಿಲ್ಲ. ಬರ್ಚ್ ಮರಗಳು ಆಗಷ್ಟೇ ಚಿಗುರುತ್ತಿದ್ದವು. ಹಿಮ ಕರಗಿದ ನೀರಿಗೆ ಅಬಿಸ್ಕೊಯೋಕ್ಕಾ ನದಿ ಕಲ್ಲಿನ ಕೊರಕಲಿನಲ್ಲಿ ಎಷ್ಟು ಅಬ್ಬರಿಸುತ್ತಿತ್ತೆಂದರೆ, ಪಕ್ಕದಲ್ಲಿದ್ದವರ ಮಾತೂ ಕೇಳಿಸದು. ಸುತ್ತಲಿನ ಬೆಟ್ಟಗಳು ಮಳೆಮೋಡ ತಡೆಯುತ್ತವೆ. ವರ್ಷಕ್ಕೆ 300 ಮಿ.ಮೀ. ಆಸುಪಾಸು ಮಾತ್ರ ಮಳೆ. ಹಾಗಾಗಿ ರಾತ್ರಿ 12ಕ್ಕೆ ಸೂರ್ಯ ಮೋಡದ ಹಿಂದೆ ಹೋಗುವ ಸಂಭವ ಕಡಿಮೆ.

ಕೊರತೆ ಇಲ್ಲಿಯೂ ಇದೆ. ಕುಂಗ್ಸ್‌ಲೇಡನ್ ಅನ್ನೋ ಚಾರಣದ ಹಾದಿ ಇಲ್ಲಿಂದಲೇ ಶುರುವಾಗುತ್ತದೆ, ಸುಮಾರು 440 ಕಿ.ಮೀ. ಉದ್ದ. ಆದರೆ ಜೂನ್ ಮಧ್ಯದಲ್ಲಿ ಎತ್ತರದ ಕಣಿವೆದಾರಿಗಳಲ್ಲಿ ಇನ್ನೂ ಹಿಮ. ತಗ್ಗಿನಲ್ಲಿ ಅಬಿಸ್ಕೋಯೌರೆ ತನಕದ 15 ಕಿ.ಮೀ. ನನ್ನಂಥವನಿಗೆ ಸಾಕು. ಶೂ ಒದ್ದೆಯಾಗೋದು ಗ್ಯಾರಂಟಿ. ರಾಷ್ಟ್ರೀಯ ಉದ್ಯಾನದೊಳಗೆ ಟೆಂಟನ್ನು ಗೊತ್ತುಮಾಡಿದ ಜಾಗದಲ್ಲಷ್ಟೇ ಹಾಕಬೇಕು.

ಇನಾರಿಯ ಕಡೆ ಎರಡು ಮಾತು. ಈ ಉತ್ತರದ ನಾಡಿನ ಮೂಲನಿವಾಸಿಗಳಾದ ಸಾಮಿ ಜನರ ಬದುಕು ತಿಳಿಯೋಕೆ ಅಲ್ಲಿನ ಸೀಡಾ ಮ್ಯೂಸಿಯಂಗೆ ಸಾಟಿಯಿಲ್ಲ. ಕಾಡಿನ ನಡುವೆ ಬೀಗವಿಲ್ಲದ ಗುಡಿಸಲುಗಳಿವೆ, ಬಾಡಿಗೆ ಇಲ್ಲ. ಕೊನೆಗೆ ಬಂದವರಿಗೆ ಮೊದಲು ಬಂದವರು ಜಾಗ ಬಿಡಬೇಕು. ಈ ಪದ್ಧತಿ ನನಗೆ ತುಂಬ ಹಿಡಿಸಿತು.

ಆದರೆ ಅಲ್ಲಿ ಉಳಿದ ದುಡ್ಡನ್ನು ಕಾರು ಬಾಡಿಗೆ ನುಂಗಿತು. ಇವಾಲೋ ವಿಮಾನ ನಿಲ್ದಾಣದಿಂದ ಇನಾರಿ 40 ಕಿ.ಮೀ.ಗಿಂತ ಜಾಸ್ತಿ. ಹಬ್ಬಕ್ಕೆ ಅಂಗಡಿಗಳೂ ಮುಚ್ಚಿದ್ದವು. ಸ್ಟಾಕ್‌ಹೋಮ್‌ನಲ್ಲಿ ಸಂಜೆ ರೈಲು ಹತ್ತಿದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಅಬಿಸ್ಕೋ. ನಿಲ್ದಾಣದಿಂದ ನಾಲ್ಕು ಹೆಜ್ಜೆಗೆ ಕಾಡುದಾರಿ. ಡ್ರೈವಿಂಗ್ ಅಂದರೆ ಬೇಸರ, ಹೊರಗೆ ಕೂತು ಊಟ ಮಾಡೋದು ಇಷ್ಟ ಅನ್ನುವ ನನ್ನಂಥವರಿಗೆ ಇದೇ ಸರಿ. ಇನಾರಿಗೇ ಹೋಗಬೇಕು ಅಂತಿದ್ದರೆ, ಮಧ್ಯರಾತ್ರಿ ಸೂರ್ಯ ಸಿಗದಿದ್ದರೂ ಪರವಾಗಿಲ್ಲ, ಸೊಳ್ಳೆ ಕಾಟ ಮುಗಿದ ಸೆಪ್ಟೆಂಬರ್‌ಗೆ ಇಟ್ಟುಕೊಳ್ಳಿ. ನಾವೂ ಹಾಗೇ ಮಾಡೋದು ಅಂತಿದ್ದೇವೆ.