ಪೋಸ್ಟ್‌ಡಾಕೋ, ಸಹಾಯಕ ಪ್ರಾಧ್ಯಾಪಕ ಹುದ್ದೆಯೋ?

ಭೂವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿ ಈ ಎರಡರ ನಡುವೆ ತೂಗಾಡುತ್ತಿದ್ದೀರಾ? ಸಂಬಳಕ್ಕಿಂತ ಮೊದಲು ಸಮಯದ ಲೆಕ್ಕ ಹಾಕಿ.

ಪೋಸ್ಟ್‌ಡಾಕ್ ಎಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ, ಸಾಮಾನ್ಯವಾಗಿ 1ರಿಂದ 3 ವರ್ಷದ ಗುತ್ತಿಗೆ. ಪಾಠದ ಹೊರೆ ತೀರಾ ಕಡಿಮೆ. ಮಾಸ್ ಸ್ಪೆಕ್ಟ್ರೋಮೀಟರ್ (ಪರಮಾಣುಗಳನ್ನು ದ್ರವ್ಯರಾಶಿಯ ಪ್ರಕಾರ ಬೇರ್ಪಡಿಸಿ ಅಳೆಯುವ ಯಂತ್ರ) ಪ್ರಯೋಗಾಲಯದ ಮುಖ್ಯಸ್ಥರದು, ಕೆಟ್ಟರೆ ರಿಪೇರಿಯ ತಲೆನೋವೂ ಬಹುಪಾಲು ಅವರದೇ. ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ-ಸೀಸದ ಅನುಪಾತ ಅಳೆದು ಶಿಲೆಯ ವಯಸ್ಸು ಹೇಳುವವರಿಗೆ ಇದು ಸಣ್ಣ ಸುಖವಲ್ಲ. ಆದರೆ ಸಂಶೋಧನೆಯ ಪ್ರಶ್ನೆಯೂ ಹೆಚ್ಚಾಗಿ ಆ ಮುಖ್ಯಸ್ಥರದೇ, ಗುತ್ತಿಗೆ ಮುಗಿದರೆ ಮತ್ತೆ ಅರ್ಜಿ.

ಸಹಾಯಕ ಪ್ರಾಧ್ಯಾಪಕರಾದರೆ ಪ್ರಶ್ನೆ ನಿಮ್ಮದು, ವಿದ್ಯಾರ್ಥಿಗಳು ನಿಮ್ಮವರು. ಜೊತೆಗೆ ಖನಿಜಶಾಸ್ತ್ರದ ಪಾಠ, ಪ್ರಾಯೋಗಿಕ ತರಗತಿ, ಉತ್ತರಪತ್ರಿಕೆ, ಸಮಿತಿ ಸಭೆ. ಒಳ್ಳೆಯ ಕ್ಷೇತ್ರಕಾರ್ಯದ ಋತು ಬಂದಾಗಲೇ ಸೆಮಿಸ್ಟರ್ ನಡೆಯುತ್ತಿರುತ್ತದೆ. ಹೊರಗೆ ಹೋಗುವುದು ರಜೆಯಲ್ಲಿ, ಅದೂ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು! ಟೆನ್ಯೂರ್ ಪದ್ಧತಿ (ಪರಿಶೀಲನೆಯಲ್ಲಿ ಗೆದ್ದರೆ ಹುದ್ದೆ ಕಾಯಂ) ಇರುವಲ್ಲಿ ಸಾಮಾನ್ಯವಾಗಿ 5–6 ವರ್ಷಕ್ಕೆ ಪರಿಶೀಲನೆ. ಖಾಲಿ ಕೋಣೆಯನ್ನು ಪ್ರಯೋಗಾಲಯ ಮಾಡುವುದರಲ್ಲೇ ಅದರಲ್ಲಿ ಒಂದೆರಡು ವರ್ಷ ಕಳೆದುಹೋಗಬಹುದು.

ಉಪಗ್ರಹ ದತ್ತಾಂಶ ಅಥವಾ ಕಂಪ್ಯೂಟರ್ ಮಾದರಿಗಳ ಮೇಲೆ ಕೆಲಸ ಮಾಡುವವರಿಗೆ ಈ ಕಾಟ ಕಡಿಮೆ. ಅವರು ಹುದ್ದೆ ಸಿಕ್ಕರೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಉಪಕರಣ ಬೇಕೇಬೇಕು ಎನ್ನುವವರು, ಆರಂಭಿಕ ಅನುದಾನ ಎಷ್ಟೆಂದು ಬರವಣಿಗೆಯಲ್ಲಿ ಸಿಗುವವರೆಗೆ ಸಹಿ ಹಾಕಬೇಡಿ.