ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ನೇರ ಹೋಗೋದಾ, ದುಬೈ ಮೇಲಾ, ಫ್ರಾಂಕ್‌ಫರ್ಟ್ ಮೇಲಾ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಆಕಾಶದಲ್ಲಿ ಸುಮಾರು 14,000 ಕಿ.ಮೀ. ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ ಹೆಚ್ಚೆಂದರೆ 20,000 ಕಿ.ಮೀ. ಇರಬಹುದು ಅಷ್ಟೇ. ಅಂದಮೇಲೆ ಇದು ಎಂಥಾ ದೂರ ನೋಡಿ. ತಂಗಿ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನಿವೇಲ್‌ನಲ್ಲಿದ್ದಾಳೆ. ನೇರ ವಿಮಾನದಲ್ಲಿ ಒಬ್ಬನೇ ಹೋಗಿದ್ದೇನೆ. ದುಬೈ ಮೇಲೆ, ಫ್ರಾಂಕ್‌ಫರ್ಟ್ ಮೇಲೆ ಹೋದಾಗ ಅಮ್ಮ ಜೊತೆಗಿದ್ದರು.

ದುಬೈ ಮೇಲೆ ಹೋದರೆ 2,700 ಮತ್ತು 13,000, ಒಟ್ಟು 15,700 ಕಿ.ಮೀ. ಆಸುಪಾಸು. ಫ್ರಾಂಕ್‌ಫರ್ಟ್ ಮೇಲಾದರೆ 7,400 ಮತ್ತು 9,150, ಅಂದರೆ 16,500 ದಾಟುತ್ತದೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅಂದುಕೊಂಡರೆ ದುಬೈ ಸುತ್ತಿಗೆ ಎರಡು ಗಂಟೆ, ಫ್ರಾಂಕ್‌ಫರ್ಟ್ ಸುತ್ತಿಗೆ ಮೂರು ಗಂಟೆ ಜಾಸ್ತಿ. ಉಳಿದದ್ದೆಲ್ಲ ಕಾಯುವ ಹೊತ್ತು. ಹಾಗಾಗಿ ಒಟ್ಟು ದೂರಕ್ಕಿಂತ ಆ ದೂರ ಎಲ್ಲಿ ತುಂಡಾಗುತ್ತದೆ ಅನ್ನೋದನ್ನೇ ನಾನು ಮೊದಲು ನೋಡುತ್ತೇನೆ.

ನೇರ ವಿಮಾನದ ಸುಖ ಒಂದೇ, ಇಳಿದು ಹತ್ತುವ ತಾಪತ್ರಯ ಇಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಪೈಲಟ್ ತಂಡ ಏರ್ ಇಂಡಿಯಾ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಾಗ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು. ಗೋಡೆಗೆ ಹಾಕಿದ ಭೂಪಟದಲ್ಲಿ ಈ ದಾರಿ ಅರ್ಥವಾಗೋದೇ ಇಲ್ಲ. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಎಳೆದು ಹಿಡಿದರೆ ಅದು ತಾನಾಗಿ ಉತ್ತರಕ್ಕೆ ಸರಿಯುತ್ತದೆ. ಆದರೂ ಹೆಚ್ಚುಕಡಿಮೆ ಹದಿನೇಳು ಗಂಟೆ ಒಂದೇ ಸೀಟು. ಒಬ್ಬನೇ ಇದ್ದರೆ ಪರವಾಗಿಲ್ಲ. ಮಂಡಿನೋವಿನ ಅಮ್ಮನನ್ನು ನಾನಂತೂ ಹಾಗೆ ಕೂರಿಸಲಾರೆ.

ದುಬೈ ದಾರಿ ಲೆಕ್ಕದಲ್ಲಿ ಚೆನ್ನಾಗಿದೆ, ಆದರೆ ತುಂಡಾಗೋದು ತಪ್ಪು ಜಾಗದಲ್ಲಿ. ಹತ್ತಿದ ನಾಲ್ಕೇ ಗಂಟೆಯಲ್ಲಿ ಇಳಿಸುತ್ತಾರೆ. ಆಗ ಸುಸ್ತೇ ಆಗಿರೋದಿಲ್ಲ. ಆಮೇಲೆ ಹದಿನಾರು ಗಂಟೆಯ ಹಾರಾಟ, ಅದು ನೇರ ವಿಮಾನಕ್ಕೆ ಹೆಚ್ಚುಕಡಿಮೆ ಸಮ. ಅಮ್ಮನ ಪಾದ ಎಷ್ಟು ಊದಿಕೊಂಡಿತ್ತೆಂದರೆ ಇಳಿಯುವಾಗ ಚಪ್ಪಲಿಯ ಪಟ್ಟಿ ಹಾಕಲಾಗಲಿಲ್ಲ. ಹಿಮ್ಮಡಿ ಹೊರಗಿಟ್ಟುಕೊಂಡೇ ವೀಲ್‌ಚೇರ್‌ವರೆಗೆ ನಡೆದರು.

ಫ್ರಾಂಕ್‌ಫರ್ಟ್ ದಾರಿಯಲ್ಲಿ ಮೊದಲ ಹಾರಾಟ ಹತ್ತು ಗಂಟೆ, ಎರಡನೆಯದು ಹನ್ನೊಂದೂವರೆ ಗಂಟೆ, ಹೀಗೆ ಬಹುತೇಕ ಅರ್ಧರ್ಧ. ಮಧ್ಯರಾತ್ರಿ ಕಳೆದು ಬೆಂಗಳೂರು ಬಿಟ್ಟರೆ ಅಲ್ಲಿ ಬೆಳಿಗ್ಗೆ. ಅಮ್ಮ ಮುಖ ತೊಳೆದು, ಕಾಫಿ ಕುಡಿದು, ಗೇಟಿನ ಹತ್ತಿರ ನಿಧಾನಕ್ಕೆ ಓಡಾಡಿದರು. ಎರಡನೇ ವಿಮಾನ ಪೂರ್ತಿ ಹಗಲಲ್ಲೇ ಹಾರಿತು. ಗ್ರೀನ್‌ಲ್ಯಾಂಡ್ ಬಂದಾಗ ಕಿಟಕಿಯ ಪರದೆ ಎತ್ತಿದೆ. ಕಪ್ಪು ಬೆಟ್ಟದ ತುದಿಗಳ ನಡುವೆ ಹಿಮ ನದಿಯ ಹಾಗೆ ಇಳಿದಿತ್ತು. ಅಮ್ಮ ನಿದ್ದೆ ಬಿಟ್ಟು ಅದನ್ನೇ ನೋಡುತ್ತಾ ಕೂತರು. ಚಪ್ಪಲಿಯೂ ಸಲೀಸಾಗಿ ಹಾಕಿಕೊಂಡರು.

ಹಿರಿಯರು ಜೊತೆಗಿದ್ದರೆ ನನ್ನ ಓಟು ಫ್ರಾಂಕ್‌ಫರ್ಟ್‌ಗೇ. ಟಿಕೆಟ್ ದರ ತುಸು ಜಾಸ್ತಿಯಾದರೂ ಸರಿ. ಒಬ್ಬರೇ ಹೋಗುವವರು ನೇರ ವಿಮಾನ ನೋಡಿ, ಆದರೆ ಅದು ಎಲ್ಲ ಕಾಲಕ್ಕೂ ಇರೋದಿಲ್ಲ, ಮೊದಲು ವಿಚಾರಿಸಿ. ಫ್ರಾಂಕ್‌ಫರ್ಟ್‌ನಲ್ಲಿ ಬರೀ ವಿಮಾನ ಬದಲಿಸೋದಾದರೆ, ಕೈಯಲ್ಲಿ ಅಮೆರಿಕದ ವೀಸಾ ಇದ್ದವರಿಗೆ ಬೇರೆ ಟ್ರಾನ್ಸಿಟ್ ವೀಸಾ ಬೇಕಿಲ್ಲ. ಎರಡು ವಿಮಾನದ ನಡುವೆ ಮೂರು ಗಂಟೆಯಾದರೂ ಇರಲಿ, ವೀಲ್‌ಚೇರ್ ಬರೋದಕ್ಕೇ ಹೊತ್ತು ಹಿಡಿಯುತ್ತದೆ. ಅದನ್ನು ಟಿಕೆಟ್ ಮಾಡಿಸುವಾಗಲೇ ಕೇಳಿಬಿಡಿ.