ಐನೂರು ಕಾರ್ಡಿನಲ್ಲಿ ‘ಫಂಕ್ಷನ್’ ಇಲ್ಲ

ಎಂಟನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಪದ ಕಲಿಸಲೆಂದು 500 ಕಾರ್ಡುಗಳ ಒಂದು ಡಬ್ಬಿ ತರಿಸಿದ್ದೆ. ಆರು ತಿಂಗಳು ಬಳಸಿದ್ದಾಯಿತು.

ಕಾರ್ಡು ದಪ್ಪಗಿದೆ, ಇನ್ನೂ ಒಂದೂ ಹರಿದಿಲ್ಲ. ಬಣ್ಣವೂ ಚೆನ್ನಾಗಿದೆ. ನನ್ನ ತಕರಾರು ಪದಗಳ ಆಯ್ಕೆಯದು. ಚಿತ್ರ ಬಿಡಿಸಲು ಬರುವ ಪದಗಳನ್ನೇ ಹುಡುಕಿ ಹಾಕಿದ್ದಾರೆ. ಆಕ್ಟೋಪಸ್ ಇದೆ, ಇಗ್ಲೂ ಇದೆ, ಲೈಟ್‌ಹೌಸ್ ಕೂಡ ಇದೆ. ‘ಅಸ್ಯೂಮ್’ (ಹೀಗಿದೆ ಎಂದುಕೊಳ್ಳುವುದು) ಇಲ್ಲ. ಅದಕ್ಕೆ ಏನಂತ ಚಿತ್ರ ಬಿಡಿಸುವುದು, ಅಲ್ವಾ?

ವಿಜ್ಞಾನದ ಟೆಸ್ಟಿನಲ್ಲಿ ಎಲೆಯ ‘ಫಂಕ್ಷನ್’, ಅಂದರೆ ಕೆಲಸ, ಏನು ಎಂಬ ಪ್ರಶ್ನೆ ಬಂತು. ಒಬ್ಬ ಹುಡುಗ ಎದ್ದು, “ಮಿಸ್, ಎಲೆಗೆ ಎಂಥ ಫಂಕ್ಷನ್ ಮಾಡ್ತಾರೆ?” ಎಂದ. ಅವನಿಗೆ ಗೊತ್ತಿದ್ದ ಫಂಕ್ಷನ್ ಊಟ ಹಾಕುವಂಥದ್ದು. ನಾನೂ ನಕ್ಕುಬಿಟ್ಟೆ. ಆದರೆ ಅದೇ ಹುಡುಗನಿಗೆ ಫೋಟೋಸಿಂಥೆಸಿಸ್ ಗೊತ್ತಿತ್ತು. ಅದನ್ನು ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಕಲಿಸಿದ್ದರು. ಫಂಕ್ಷನ್ ಗಣಿತದಲ್ಲೂ ಬರುತ್ತದೆ, ಸಮಾಜದಲ್ಲೂ ಬರುತ್ತದೆ, ಹಾಗಾಗಿ ಯಾರೂ ಕಲಿಸಿರಲಿಲ್ಲ.

ಆಮೇಲೆ ಕೈಗೆ ಸಿಕ್ಕಿದ್ದು ಅಕಾಡೆಮಿಕ್ ವರ್ಡ್ ಲಿಸ್ಟ್. ಅವೆರಿಲ್ ಕಾಕ್ಸ್‌ಹೆಡ್ ಎಂಬುವರು 2000ದಲ್ಲಿ ಪ್ರಕಟಿಸಿದ್ದು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನದ ಬರಹಗಳಿಂದ ಸುಮಾರು 35 ಲಕ್ಷ ಪದ ಒಟ್ಟು ಮಾಡಿ, ನಾಲ್ಕರಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಆರಿಸಿದ್ದಾರೆ. ಒಂದೇ ಮೂಲದ ಪದಗಳೆಲ್ಲ ಸೇರಿ ಒಂದು ಪದಕುಟುಂಬ. ಹೆಚ್ಚು ಬಳಕೆಯವು ಮೊದಲ ಗುಂಪಿನಲ್ಲಿವೆ. ಅಲ್ಲೇ ಫಂಕ್ಷನ್, ಅಸ್ಯೂಮ್ ಎರಡೂ ಸಿಕ್ಕವು!

ಅದರಲ್ಲೂ ತೊಡಕಿದೆ. ಅದು ಕಾಲೇಜು ಓದಿಗೆಂದು ಮಾಡಿದ ಪಟ್ಟಿ. ದಿನಬಳಕೆಯ ಸುಮಾರು 2000 ಪದಕುಟುಂಬಗಳು ಓದುವವರಿಗೆ ಮೊದಲೇ ಬರುತ್ತವೆ ಎಂದುಕೊಂಡು ಅವನ್ನು ಬಿಟ್ಟಿದೆ. ನನ್ನ ಮಕ್ಕಳಿಗೆ ಅವೇ ಪೂರ್ತಿ ಬರುವುದಿಲ್ಲ. ಇನ್ನು ‘ಕಾನ್‌ಸ್ಟಿಟ್ಯೂಟ್’ ಮತ್ತು ‘ಕಾನ್‌ಸ್ಟಿಟ್ಯುಯೆನ್ಸಿ’ ಅಲ್ಲಿ ಒಂದೇ ಕುಟುಂಬ. ಮತಕ್ಷೇತ್ರಕ್ಕೂ ‘ಸೇರಿ ಆಗುವುದು’ ಎಂಬುದಕ್ಕೂ ಇರುವ ನಂಟು ವಿವರಿಸಲು ಹೋಗಿ ಒಂದು ಪೀರಿಯಡ್ಡೇ ಮುಗಿಯಿತು.

ಹಾಗಾಗಿ ಪಟ್ಟಿಯನ್ನು ಸುಮ್ನೆ ಮೇಲಿಂದ ಕೆಳಗೆ ಕಲಿಸುವುದಿಲ್ಲ. ಆ ವಾರದ ಪಾಠಗಳನ್ನು ತೆಗೆದು ನೋಡುತ್ತೇನೆ. ಎರಡು ವಿಷಯಗಳ ಪುಸ್ತಕದಲ್ಲಿ ಸಿಕ್ಕಿದ ಪದ ಒಳಗೆ, ಉಳಿದದ್ದು ಆಮೇಲೆ. ವಾರಕ್ಕೆ ಆರು, ಅದಕ್ಕಿಂತ ಜಾಸ್ತಿ ಇಲ್ಲ.

ಡಬ್ಬಿಗೆ ಐದಕ್ಕೆ ಎರಡು ಸ್ಟಾರ್. ಎರಡನೆಯದು ಕಾರ್ಡುಗಳ ಖಾಲಿ ಹಿಂಬದಿಗೆ. ಈಗ ಆಕ್ಟೋಪಸ್ಸಿನ ಬೆನ್ನ ಮೇಲೆ ‘ಫಂಕ್ಷನ್’ ಇದೆ, ಆ ಹುಡುಗನ ಕೈಬರಹದಲ್ಲೇ.